ಎಲ್ಲರ ಪ್ರಾಜೆಕ್ಟ್‌ನಲ್ಲೂ ಸರಾಸರಿ 4.2 ಬರುತ್ತಿದೆ. ಸರ್ವೆ ಪ್ರಶ್ನೆ ಬರೆಯುವುದನ್ನು ನೀವು ಹೇಗೆ ಕಲಿಸುತ್ತೀರಿ?

ಸೀಮೆಸುಣ್ಣ:

ಮಾರ್ಕೆಟಿಂಗ್ ರಿಸರ್ಚ್ ಪಾಠ ಮಾಡಲು ಶುರುಮಾಡಿ ಇದು ಮೂರನೇ ವರ್ಷ. ಸ್ಯಾಂಪ್ಲಿಂಗ್, ರಿಗ್ರೆಷನ್ ಎಲ್ಲ ಹೇಗೋ ದಾಟಿಸುತ್ತೇನೆ. ಕಷ್ಟ ಶುರುವಾಗುವುದು ಪ್ರಶ್ನಾವಳಿಗೆ ಬಂದಾಗ, ಯಾಕಂದ್ರೆ ವಿದ್ಯಾರ್ಥಿಗಳ ಲೆಕ್ಕದಲ್ಲಿ ಅದು ಪಾಠವೇ ಅಲ್ಲ. ಪ್ರಶ್ನೆ ಕೇಳುವುದರಲ್ಲಿ ಕಲಿಯುವುದೇನಿದೆ ಅಂತ ಮುಖದಲ್ಲೇ ಬರೆದಿರುತ್ತದೆ.

ಹೋದ ಸಲದ ಒಂದು ಪ್ರಾಜೆಕ್ಟ್ ಹೇಳುತ್ತೇನೆ. ಬಟ್ಟೆ ಮಾರುವ ಒಂದು ಆ್ಯಪ್ ಬಗ್ಗೆ ಗ್ರಾಹಕರ ಮನೋಭಾವ ಅಳೆಯಬೇಕಿತ್ತು. ಅರ್ಧ ಗಂಟೆಯಲ್ಲಿ ಆನ್‌ಲೈನ್ ಫಾರ್ಮ್ ರೆಡಿ. ಇಪ್ಪತ್ತು ಹೇಳಿಕೆ, ಇಪ್ಪತ್ತೂ ಹೊಗಳಿಕೆ. "ಈ ಆ್ಯಪ್ ಸುಲಭವಾಗಿದೆ ಮತ್ತು ನಂಬಿಕೆಗೆ ಅರ್ಹವಾಗಿದೆ." ಎದುರಿಗೆ 1ರಿಂದ 5, 1 ಅಂದ್ರೆ ಒಪ್ಪುವುದೇ ಇಲ್ಲ, 5 ಅಂದ್ರೆ ಪೂರ್ತಿ ಒಪ್ಪುತ್ತೇನೆ. ಗೆಳೆಯರ ಗುಂಪಿಗೆ ಕಳಿಸಿದರು, ಸಂಜೆಯೊಳಗೆ ನೂರು ದಾಟಿತು. ಸರಾಸರಿ 4.2. ತೀರ್ಮಾನ: ಗ್ರಾಹಕರ ಮನೋಭಾವ ತುಂಬಾ ಚೆನ್ನಾಗಿದೆ.

ಒಂದೇ ಪ್ರಶ್ನೆಯಲ್ಲಿ ಎರಡು ವಿಷಯ ತುರುಕಬೇಡಿ, ಉತ್ತರವನ್ನು ಬಾಯಿಗಿಡಬೇಡಿ ಅಂತ ನಾನು ನಿಯಮ ಹೇಳದೇ ಇದ್ದೇನೆಯೇ? ಹೇಳಿದ್ದೇನೆ. ಪರೀಕ್ಷೆಯಲ್ಲಿ ಆ ಪಟ್ಟಿಯನ್ನು ಹತ್ತಕ್ಕೆ ಹತ್ತು ಬರೆಯುತ್ತಾರೆ. ಪ್ರಾಜೆಕ್ಟ್‌ಗೆ ಬಂದರೆ ಮತ್ತೆ ಅದೇ ರಾಗ ಅದೇ ತಾಳ. ಇನ್ನು ಕೆಲವರು "ಮನಸ್ಸಿನೊಳಗಿರೋದನ್ನ ನಿಜವಾಗ್ಲೂ ಅಳೆಯೋಕೆ ಆಗುತ್ತಾ" ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ನಾನು ಮನೋಭಾವ ಅಳೆಯುವ ವಿಧಾನ ಕಟ್ಟಿಕೊಟ್ಟವರ ಕಥೆ, ಥರ್ಸ್ಟನ್, 1928, ಲಿಕರ್ಟ್, 1932 ಅಂತ ಶುರು ಮಾಡುತ್ತಿದ್ದ ಹಾಗೆ ಹಿಂದಿನ ಬೆಂಚಿನ ಕಣ್ಣು ಮುಚ್ಚುತ್ತದೆ.

ನಿಮ್ಮ ತರಗತಿಯಲ್ಲಿ ಏನು ಕೆಲಸ ಮಾಡಿದೆ? ಪಠ್ಯಪುಸ್ತಕದ ಹೆಸರು ಬೇಡ.

ಬಾಗಿಲು ತಟ್ಟಿದವಳು:

ನಿಯಮ ಹೇಳುವುದನ್ನು ನಿಲ್ಲಿಸಿ. ಅವರು ಬರೆದ ಪ್ರಶ್ನೆ ಅವರ ಕಣ್ಣೆದುರೇ ಕೆಡುವುದನ್ನು ತೋರಿಸಿ, ಅಷ್ಟೇ.

ನಾನು ಪಾಠಕ್ಕೆ ಬರುವ ಮೊದಲು ಆರು ವರ್ಷ ಫೀಲ್ಡ್‌ನಲ್ಲಿ ಸರ್ವೆ ಮಾಡಿಸಿದವಳು. ಈಗ ತರಗತಿಯಲ್ಲಿ ಮಾಡುವುದು ಇಷ್ಟು: ಒಂದು ತಂಡದ ಫಾರ್ಮನ್ನು ಬೇರೆ ತಂಡದ ಒಬ್ಬರಿಗೆ ಕೊಟ್ಟು ಮುಂದೆ ಕೂರಿಸುತ್ತೇನೆ. ಉತ್ತರ ಹಾಕುವಾಗ ತಲೆಯಲ್ಲಿ ಓಡುವುದನ್ನೆಲ್ಲ ಅವರು ಜೋರಾಗಿ ಹೇಳಬೇಕು. ಪ್ರಶ್ನೆ ಬರೆದವರು ಪಕ್ಕದಲ್ಲೇ ಇರಬೇಕು, ಆದರೆ ಬಾಯಿ ಬಿಡುವ ಹಾಗಿಲ್ಲ. "ನಾವು ಕೇಳಿದ್ದು ಹಾಗಲ್ಲ" ಅನ್ನುವ ಹಾಗೇ ಇಲ್ಲ. ಈ ಕೊನೆಯ ಷರತ್ತು ಬಿಟ್ಟರೆ ಇಡೀ ಆಟ ಕೆಡುತ್ತದೆ.

ಒಂದು ಸಲ ಬಂದ ಹೇಳಿಕೆ: "ನಾನು ಈ ಬ್ರ್ಯಾಂಡಿನ ಶಾಂಪೂವನ್ನು ನಿಯಮಿತವಾಗಿ ಬಳಸುತ್ತೇನೆ." ಕೂತಿದ್ದ ಹುಡುಗಿ ಹೇಳುತ್ತಾ ಹೋದಳು. "ನಿಯಮಿತ ಅಂದ್ರೆ... ವಾರಕ್ಕೊಂದ್ಸಲಾನಾ? ಮನೇಲಿ ಯಾರೋ ತಂದಿಡ್ತಾರೆ, ಇದ್ರೆ ಹಾಕ್ಕೋತೀನಿ. ನಾನಾಗೇ ಕೊಂಡಿಲ್ಲ. ಹೋದ ತಿಂಗಳು ಬೇರೆ ಇತ್ತು ಅನ್ಸುತ್ತೆ. ಸರಿ, 4 ಹಾಕ್ತೀನಿ."

ಆ "ಸರಿ, 4 ಹಾಕ್ತೀನಿ" ಇದೆಯಲ್ಲ, ನಿಮ್ಮ 4.2 ಹುಟ್ಟುವುದು ಅಲ್ಲೇ.

ಇದಾದ ಮೇಲೆ ಥಿಯರಿ ಹೇಳಿದರೆ ಕೇಳಿಸಿಕೊಳ್ಳುತ್ತಾರೆ. ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳುವುದು, ನೆನಪು ಕೆದಕುವುದು, ಒಂದು ನಿರ್ಧಾರಕ್ಕೆ ಬರುವುದು, ಆ ನಿರ್ಧಾರವನ್ನು ಕೊಟ್ಟಿರುವ ಆಯ್ಕೆಗಳಲ್ಲಿ ಯಾವುದಕ್ಕೋ ಹೊಂದಿಸುವುದು. ಸರ್ವೆ ಸಂಶೋಧಕ ಟುರಾಂಜೋ ಹೇಳುವ ಈ ನಾಲ್ಕು ಹೆಜ್ಜೆಯೂ ಆ ಹುಡುಗಿಯ ಮಾತಿನಲ್ಲಿದೆ, ಎಲ್ಲಿ ಎಡವಿದಳು ಅನ್ನುವುದೂ ಇದೆ. ಸಾಕಪ್ಪಾ ಅನ್ನಿಸಿ ಹತ್ತಿರ ಕಂಡ ಉತ್ತರಕ್ಕೆ ಟಿಕ್ ಹಾಕುವುದಕ್ಕೆ ಸ್ಯಾಟಿಸ್ಫೈಸಿಂಗ್ ಅಂತ ಹೆಸರಿದೆ. ಸರ್ವೆ ಉತ್ತರಗಳಿಗೆ ಆ ಮಾತನ್ನು ಅನ್ವಯಿಸಿ ಕ್ರಾಸ್ನಿಕ್ 1991ರಲ್ಲಿ ವಿವರವಾಗಿ ಬರೆದರು. ಹೆಸರು ಕೊನೆಗೆ ಬರಲಿ, ಮೊದಲು ಬೇಡ.

ಇನ್ನೊಂದು. ಇಂಗ್ಲಿಷ್ ಫಾರ್ಮನ್ನು ಕನ್ನಡಕ್ಕೆ ತರುವಾಗ ಜೋಡಿ ನಿಷೇಧ ನುಸುಳುತ್ತದೆ. "ಈ ಸೋಪು ಚರ್ಮಕ್ಕೆ ಒಳ್ಳೆಯದಲ್ಲ ಎಂದು ನನಗೆ ಅನಿಸುವುದಿಲ್ಲ." ಇದಕ್ಕೆ "ಒಪ್ಪುವುದಿಲ್ಲ" ಅಂದರೆ ಸೋಪು ಒಳ್ಳೆಯದೋ ಕೆಟ್ಟದ್ದೋ? ತರಗತಿಯಲ್ಲಿ ಕೈ ಎತ್ತಿಸಿ ನೋಡಿ, ಚೆನ್ನಾಗಿ ನಗಬಹುದು.

ಎರಡು ಹಾಳೆ:

ಮೇಲಿನದ್ದಕ್ಕೆ ನನ್ನ ಓಟು. ಅದರ ಜೊತೆಗೆ ಇದನ್ನೂ ಮಾಡಿ, ಅರ್ಧ ಗಂಟೆ ಸಾಕು. ಒಂದೇ ಪ್ರಶ್ನೆಗೆ ಎರಡು ರೂಪ ಬರೆದು, ಪ್ರಿಂಟ್ ತೆಗೆದು, ಇಸ್ಪೀಟ್ ಎಲೆಯ ಹಾಗೆ ಕಲಸಿ ಹಂಚಿ. ಎರಡು ರೂಪ ಇದೆ ಅಂತ ಯಾರಿಗೂ ಹೇಳಬೇಡಿ. ಎಣಿಕೆಯನ್ನು ಬೋರ್ಡಿನ ಮೇಲೆ ಅವರ ಕೈಯಲ್ಲೇ ಮಾಡಿಸಿ.

ನನಗೆ ತುಂಬಾ ಇಷ್ಟವಾದ ಎರಡು ಉದಾಹರಣೆ ಇವೆ. ಒಂದು, ರಗ್ 1941ರಲ್ಲಿ ಪ್ರಕಟಿಸಿದ್ದು. ಪ್ರಜಾಪ್ರಭುತ್ವದ ವಿರುದ್ಧ ಸಾರ್ವಜನಿಕ ಭಾಷಣ ಮಾಡಲು ಅಮೆರಿಕ ಅವಕಾಶ ಕೊಡಬೇಕೇ ಅಂತ ಕೆಲವರನ್ನು ಕೇಳಿದರು, ಅದನ್ನು ನಿಷೇಧಿಸಬೇಕೇ ಅಂತ ಉಳಿದವರನ್ನು ಕೇಳಿದರು. ಅಭಿಪ್ರಾಯ ಇಲ್ಲ ಅಂದವರನ್ನು ಬಿಟ್ಟು ಲೆಕ್ಕ ಹಾಕಿದರೆ, ಅವಕಾಶ ಕೊಡಬಾರದು ಅಂದವರು ಶೇ 75. ನಿಷೇಧಿಸಿ ಅಂದವರು ಶೇ 54 ಮಾತ್ರ! ತರ್ಕದಲ್ಲಿ ಎರಡೂ ಒಂದೇ ಅಲ್ವಾ? ಆದರೆ "ನಿಷೇಧ" ಅನ್ನುವ ಪದ ಬಾಯಿಗೆ ಭಾರ.

ಇನ್ನೊಂದು 1985ರಲ್ಲಿ ಜರ್ಮನಿಯಿಂದ ಬಂದದ್ದು, ಶ್ವಾರ್ಟ್ಸ್ ಮತ್ತು ಜೊತೆಗಾರರದು. ದಿನಕ್ಕೆ ಎಷ್ಟು ಹೊತ್ತು ಟಿವಿ ನೋಡುತ್ತೀರಿ ಅನ್ನುವುದೇ ಪ್ರಶ್ನೆ. ಒಂದು ಗುಂಪಿಗೆ ಕೊಟ್ಟ ಆಯ್ಕೆಗಳು ಅರ್ಧ ಗಂಟೆಯಿಂದ ಶುರುವಾಗಿ "ಎರಡೂವರೆ ಗಂಟೆಗಿಂತ ಜಾಸ್ತಿ"ಗೆ ಮುಗಿಯುತ್ತಿದ್ದವು. ಇನ್ನೊಂದು ಗುಂಪಿಗೆ ಮೊದಲ ಆಯ್ಕೆಯೇ "ಎರಡೂವರೆ ಗಂಟೆವರೆಗೆ", ಕೊನೆಯದು "ನಾಲ್ಕೂವರೆಗಿಂತ ಜಾಸ್ತಿ". ಎರಡೂವರೆಗಿಂತ ಜಾಸ್ತಿ ನೋಡುತ್ತೇವೆ ಅಂದವರು ಮೊದಲ ಗುಂಪಿನಲ್ಲಿ ಶೇ 16, ಎರಡನೆಯದರಲ್ಲಿ ಶೇ 37ಕ್ಕಿಂತ ಹೆಚ್ಚು. ಜನ ಗಂಟೆ ಲೆಕ್ಕ ಹಾಕಿರಲಿಲ್ಲ. ಆಯ್ಕೆಗಳ ಸಾಲನ್ನೇ ನೋಡಿ, ಮಧ್ಯದ್ದು ಎಲ್ಲರದ್ದೂ ಇರಬೇಕು, ನಾನು ಅದರ ಆಸುಪಾಸು ಅಂತ ಅಂದಾಜು ಮಾಡಿಕೊಂಡಿದ್ದರು. ನಿಮ್ಮ ಹುಡುಗರಿಗೆ ಫೋನ್ ಬಳಕೆಯ ಮೇಲೆ ಇದನ್ನೇ ಕೇಳಿ. ಮುಗಿದ ಮೇಲೆ ಅವರವರ ಫೋನ್‌ನ ಸ್ಕ್ರೀನ್ ಟೈಮ್ ತೆರೆಸಿ.

ಒಂದು ಎಚ್ಚರಿಕೆ. ಅರವತ್ತು ಜನರ ತರಗತಿಯಲ್ಲಿ ವ್ಯತ್ಯಾಸ ಕಾಣದೇ ಹೋಗಬಹುದು, ಕೆಲವೊಮ್ಮೆ ಉಲ್ಟಾನೂ ಬರಬಹುದು. ನನಗೆ ಒಮ್ಮೆ ಹಾಗೇ ಆಯಿತು, ಬೋರ್ಡಿನ ಮುಂದೆ ಪೆಚ್ಚಾಗಿ ನಿಂತೆ. ಆಮೇಲೆ ಅದನ್ನೇ ಸ್ಯಾಂಪಲ್ ಗಾತ್ರದ ಪಾಠಕ್ಕೆ ತಿರುಗಿಸಿಕೊಂಡೆ.

ಕೂಡಿ ಕಳೆಯುವವ:

ಸಿಟ್ಟು ಮಾಡಿಕೊಳ್ಳಬೇಡಿ, ಆದರೆ ಇಲ್ಲಿ ಎಲ್ಲರೂ ಪದದ ಬಗ್ಗೆಯೇ ಮಾತಾಡುತ್ತಿದ್ದೀರಿ. ಅಳತೆಯ ಬಗ್ಗೆ ಯಾರೂ ಇಲ್ಲ. ("ಲೈಕರ್ಟ್" ಅನ್ನದೆ "ಲಿಕರ್ಟ್" ಅಂತ ಬರೆದಿದ್ದೀರಿ, ಅದಕ್ಕೆ ಬೇರೆಯಾಗಿ ಥ್ಯಾಂಕ್ಸ್. ಅವರ ಹೆಸರು ಹೇಳುವುದೇ ಹಾಗೆ.)

ಲಿಕರ್ಟ್ ಸ್ಕೇಲ್ ಅಂದ್ರೆ 1ರಿಂದ 5ರ ಸಾಲು ಅಂತ ವಿದ್ಯಾರ್ಥಿಗಳು ತಿಳಿದಿದ್ದಾರೆ. ಮೇಷ್ಟ್ರುಗಳೂ ತಿಳಿದಿದ್ದಾರೆ ಬಿಡಿ. ಆ ಸಾಲು ಸ್ಕೇಲ್ ಅಲ್ಲ. ಒಂದೇ ಮನೋಭಾವವನ್ನು ಬೇರೆ ಬೇರೆ ಕಡೆಯಿಂದ ಮುಟ್ಟುವ ಹಲವು ಹೇಳಿಕೆಗಳು, ಅವುಗಳ ಅಂಕ ಕೂಡಿಸಿದಾಗ ಬರುವ ಮೊತ್ತ, ಅದು ಸ್ಕೇಲ್. ಕೂಡಿಸುವ ಮೊದಲು ಜೊಳ್ಳು ತೂರಬೇಕು. ಒಟ್ಟು ಅಂಕ ಜಾಸ್ತಿ ಇರುವವರೂ ಕಮ್ಮಿ ಇರುವವರೂ ಒಂದು ಹೇಳಿಕೆಗೆ ಒಂದೇ ಉತ್ತರ ಕೊಟ್ಟರೆ ಆ ಹೇಳಿಕೆಯಿಂದ ಏನೂ ಗೊತ್ತಾಗುವುದಿಲ್ಲ, ಎಷ್ಟೇ ಚೆಂದ ಇರಲಿ, ಕಿತ್ತು ಬಿಸಾಕಿ. ಥರ್ಸ್ಟನ್ ಇನ್ನೂ ಕಷ್ಟಪಟ್ಟಿದ್ದರು. ತೀರ್ಪುಗಾರರನ್ನು ಕೂರಿಸಿ, ಹೇಳಿಕೆಗಳನ್ನು ವಿರೋಧದ ತುದಿಯಿಂದ ಪರದ ತುದಿಯವರೆಗೆ ಹನ್ನೊಂದು ಗುಡ್ಡೆ ಮಾಡಿಸುತ್ತಿದ್ದರು. ಆ ತೀರ್ಪುಗಾರರ ಕೆಲಸವನ್ನೇ ಕೈಬಿಟ್ಟಿದ್ದು ಲಿಕರ್ಟ್ ಮಾಡಿದ ಉಪಕಾರ. ಗುಡ್ಡೆ ಮಾಡುವ ಕೆಲಸವನ್ನು ಚೀಟಿ ಕೊಟ್ಟು ತರಗತಿಯಲ್ಲಿ ಒಮ್ಮೆ ಮಾಡಿಸಿ. ಒಂದೇ ಚೀಟಿಯನ್ನು ಒಬ್ಬ ಮೂರನೇ ಗುಡ್ಡೆಗೆ, ಇನ್ನೊಬ್ಬ ಒಂಬತ್ತನೆಯದಕ್ಕೆ ಹಾಕಿದಾಗ ಶುರುವಾಗುವ ಜಗಳದಲ್ಲಿ ಅರ್ಧ ಪಾಠ ಮುಗಿಯುತ್ತದೆ.

ನಾನು ನಲವತ್ತು ಹೇಳಿಕೆ ಬರೆಸುತ್ತೇನೆ. ಅರ್ಧ ಹೊಗಳಿಕೆ, ಅರ್ಧ ತೆಗಳಿಕೆ. ಜನರಿಗೆ ಕೊಟ್ಟು, ತೆಗಳಿಕೆಯ ಅಂಕಗಳನ್ನು ತಿರುಗಿಸಿ (5 ಇದ್ದದ್ದು 1, 4 ಇದ್ದದ್ದು 2), ಪ್ರತಿ ಹೇಳಿಕೆಗೂ ಉಳಿದವುಗಳ ಮೊತ್ತಕ್ಕೂ ಎಷ್ಟು ಹೊಂದಾಣಿಕೆ ಇದೆ ನೋಡಿ, ಹತ್ತು ಉಳಿಸಿಕೊಳ್ಳಬೇಕು. ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ತೋರಿಸುವ ಅಂಕಿ, ಕ್ರಾನ್‌ಬಾಕ್ ಆಲ್ಫಾ (1ರ ಹತ್ತಿರ ಬಂದಷ್ಟೂ ಹೊಂದಾಣಿಕೆ ಜಾಸ್ತಿ), ಆಮೇಲೆ. ಅದು ಜಾಸ್ತಿ ಬಂತು ಅಂತ ಕುಣಿಯುವವರಿಗೆ ಒಂದು ಮಾತು: ಒಂದೇ ವಾಕ್ಯವನ್ನು ಹತ್ತು ಥರ ತಿರುಚಿ ಕೇಳಿ, ಆಲ್ಫಾ 0.95 ಬರುತ್ತದೆ. ತಕ್ಕಡಿ ಪ್ರತಿ ಸಲವೂ ಅದೇ ತೂಕ ತೋರಿಸುತ್ತದೆ ಅಂತಾಯಿತು. ತೂಗುತ್ತಿರುವುದು ಅಕ್ಕಿಯೋ ಕಲ್ಲೋ ಅನ್ನುವುದು ಬೇರೆ ಪ್ರಶ್ನೆ.

ಸೀಮೆಸುಣ್ಣ:

ತೆಗಳಿಕೆಯ ಹೇಳಿಕೆ ಸೇರಿಸಿ ನೋಡಿದ್ದೆ. ಆಲ್ಫಾ ಧಡ್ ಅಂತ ಬಿತ್ತು. ಅರ್ಧ ಜನ ಓದದೇ ಎಲ್ಲದಕ್ಕೂ 4 ಒತ್ತಿಕೊಂಡು ಹೋಗಿದ್ದರು.

ಕೂಡಿ ಕಳೆಯುವವ:

ಹಾಗಾದರೆ ಅದು ಸೋಲಲ್ಲ ಮಾರಾಯ್ರೇ, ಕಳ್ಳ ಸಿಕ್ಕಿಬಿದ್ದ. "ತುಂಬಾ ಚೆನ್ನಾಗಿದೆ"ಗೂ 4, "ದುಡ್ಡು ದಂಡ"ಕ್ಕೂ 4 ಹಾಕಿದವರನ್ನು ಮೊದಲು ಬೇರೆ ಮಾಡಿ, ಆಮೇಲೆ ಆಲ್ಫಾ ನೋಡಿ. ಆದರೆ ತೆಗಳಿಕೆ ಬರೆಯುವುದು ಅಂದ್ರೆ ಹೊಗಳಿಕೆಗೆ "ಅಲ್ಲ" ಅಂಟಿಸುವುದಲ್ಲ. "ಸುಲಭವಾಗಿಲ್ಲ" ಬೇಡ. "ಬೇಕಾದದ್ದು ಹುಡುಕಲು ಒದ್ದಾಡಬೇಕು" ಅನ್ನಿ. "ಅಲ್ಲ"ವನ್ನು ಕಣ್ಣು ಹಾರಿಸಿಬಿಡುತ್ತದೆ. ಸರಿಯಾಗಿ ಬರೆದರೂ ಇವು ಕೆಲವೊಮ್ಮೆ ತಮ್ಮದೇ ಬೇರೆ ಗುಂಪು ಕಟ್ಟಿಕೊಳ್ಳುತ್ತವೆ, ಅದನ್ನೂ ಹೇಳಿಬಿಡಿ.

ಸೋಮವಾರದ ಮೀಟಿಂಗ್:

ನಾನು ಪಾಠ ಮಾಡುವವನಲ್ಲ, ರಿಸರ್ಚ್ ದುಡ್ಡು ಕೊಟ್ಟು ಕೊಳ್ಳುವ ಕಡೆಯವನು. ಮೇಲಿನ ಎಲ್ಲವೂ ಸರಿ. ಆದರೆ ನಮ್ಮ ಟೇಬಲ್‌ಗೆ ಬರುವ ರಿಪೋರ್ಟ್‌ಗಳಲ್ಲಿ ಪ್ರಶ್ನೆಯ ಪದ ಕೆಟ್ಟದ್ದು ಕಮ್ಮಿ, ಕೇಳಬೇಕಾದ್ದನ್ನೇ ಕೇಳದಿರುವುದು ಜಾಸ್ತಿ.

ಕೋಕಾಕೋಲಾ 1985ರಲ್ಲಿ ರುಚಿ ಬದಲಿಸಿದ ಕಥೆ ನಿಮಗೆ ಗೊತ್ತೇ ಇರುತ್ತದೆ. ಸುಮಾರು ಎರಡು ಲಕ್ಷ ಜನರ ನಾಲಗೆ ಪರೀಕ್ಷೆ ಮಾಡಿದ್ದರು, ಹೊಸದೇ ಗೆದ್ದಿತ್ತು. 79 ದಿನಕ್ಕೆ ಹಳೆಯದನ್ನು ವಾಪಸ್ ತರಬೇಕಾಯಿತು. ಅಳತೆ ತಪ್ಪಿರಲಿಲ್ಲ, ನಾಲಗೆ ನಿಜವನ್ನೇ ಹೇಳಿತ್ತು. ಆದರೆ ಗುಟುಕು ಕುಡಿದು ಯಾವುದು ಚೆನ್ನಾಗಿದೆ ಅನ್ನುವುದು ಬೇರೆ, ಇನ್ನು ಮುಂದೆ ಹಳೆಯದು ಸಿಗುವುದೇ ಇಲ್ಲ ಅಂದಾಗ ಆಗುವ ಸಂಕಟ ಬೇರೆ.

ಹೇಳುವುದಕ್ಕೂ ಮಾಡುವುದಕ್ಕೂ ಇರುವ ದೂರಕ್ಕೆ ಸಮಾಜಶಾಸ್ತ್ರಜ್ಞ ಲಾಪಿಯೆರ್ 1934ರಲ್ಲಿ ಬರೆದದ್ದನ್ನು ಓದಿಸಿ. ಚೀನೀ ದಂಪತಿ ಜೊತೆ ಅಮೆರಿಕ ಸುತ್ತಿದರು, 251 ಹೋಟೆಲ್, ರೆಸ್ಟೋರೆಂಟ್‌ಗಳಿಗೆ ಹೋದರು, ಜಾಗ ಇಲ್ಲ ಅಂದದ್ದು ಒಂದೇ ಕಡೆ. ತಿಂಗಳುಗಳ ನಂತರ ಅದೇ ಜಾಗಗಳಿಗೆ ಪತ್ರ ಬರೆದು ಚೀನೀಯರನ್ನು ಸೇರಿಸಿಕೊಳ್ಳುತ್ತೀರಾ ಅಂತ ಕೇಳಿದರೆ, ಉತ್ತರ ಕೊಟ್ಟ 128ರಲ್ಲಿ ಶೇ 90ಕ್ಕಿಂತ ಹೆಚ್ಚು ಕಡೆಯಿಂದ ಬಂದದ್ದು ಇಲ್ಲ ಅಂತ. ಕಥೆ ಹೇಳಿ ನಿಲ್ಲಿಸಬೇಡಿ, ಇದರಲ್ಲಿ ಏನು ತಪ್ಪಿದೆ ಹುಡುಕಿ ಅನ್ನಿ. ಪತ್ರಕ್ಕೆ ಉತ್ತರ ಬರೆದವರೇ ಅವತ್ತು ಕೌಂಟರ್‌ನಲ್ಲಿ ಇದ್ದರಾ? ಕೇಳಿದ್ದು ಇಡೀ ಜನಾಂಗದ ಬಗ್ಗೆ, ಬಂದು ನಿಂತದ್ದು ಚೆನ್ನಾಗಿ ಬಟ್ಟೆ ಹಾಕಿ ನಗುನಗುತ್ತಾ ಮಾತಾಡುವ ಇಬ್ಬರು. ಮನೋವಿಜ್ಞಾನಿಗಳಾದ ಫಿಶ್‌ಬೈನ್, ಐಜೆನ್ ಹೇಳಿದ್ದಕ್ಕೆ ಇಲ್ಲಿಂದ ದಾರಿ ಸಲೀಸು. ಬ್ರ್ಯಾಂಡ್ ಬಗ್ಗೆ ಏನನಿಸುತ್ತೆ ಅಂತಲ್ಲ, ಈ ಬ್ರ್ಯಾಂಡನ್ನು ಮುಂದಿನ ತಿಂಗಳು ನೀವೇ ಕೊಳ್ಳುವುದರ ಬಗ್ಗೆ ಏನನಿಸುತ್ತೆ ಅಂತ ಕೇಳಬೇಕು.

ತರಗತಿಗೆ ನನ್ನ ಸಲಹೆ ಇಷ್ಟೇ. ಫಾರ್ಮ್ ಕಳಿಸುವ ಮೊದಲು ಸುಳ್ಳು ಉತ್ತರ ತುಂಬಿಸಿ ಟೇಬಲ್ ಮಾಡಿಸಿ. ಪ್ರತಿ ಪ್ರಶ್ನೆಗೂ "ಇದು 2 ಬಂದ್ರೆ ಏನು ಮಾಡ್ತೀರಿ, 4 ಬಂದ್ರೆ ಏನು ಮಾಡ್ತೀರಿ" ಅಂತ ಕೇಳಿ. ಎರಡಕ್ಕೂ ಒಂದೇ ಉತ್ತರ ಬಂದರೆ ಆ ಪ್ರಶ್ನೆ ಯಾಕೆ ಬೇಕು? ನಿಮ್ಮ ಇಪ್ಪತ್ತರಲ್ಲಿ ಏಳೆಂಟು ಉಳಿಯುತ್ತವೆ.

ಹೋದ ವರ್ಷ ಪಾಸಾದವನು:

ವಿದ್ಯಾರ್ಥಿಯ ಕಡೆಯಿಂದ ಒಂದು ಮಾತು. ನಮ್ಮ ಮೇಡಂ ಪ್ರಶ್ನಾವಳಿಗೆ ಅಂಕ ಕೊಡುತ್ತಲೇ ಇರಲಿಲ್ಲ. ಕಿತ್ತುಹಾಕಿದ ಪ್ರಶ್ನೆಗಳ ಪಟ್ಟಿಗೆ, ಯಾಕೆ ಕಿತ್ತಿರಿ ಅನ್ನುವುದಕ್ಕೆ ಕೊಡುತ್ತಿದ್ದರು. ಶುರುವಿನಲ್ಲಿ ಬೈದುಕೊಂಡೆವು. ಕೊನೆಗೆ ಆರನೇ ಡ್ರಾಫ್ಟ್ ತನಕ ಹೋದೆವು, ಅಂಕ ಸಿಗುತ್ತಿತ್ತಲ್ಲ.

ಸೀಮೆಸುಣ್ಣ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಜೋರಾಗಿ ಹೇಳಿಸುವ ಆಟ ಮಾಡಿಸಿದೆ. ಬಟ್ಟೆ ಆ್ಯಪ್‌ನ ಫಾರ್ಮೇ ತಗೊಂಡೆ. "ಬಟ್ಟೆ ವಾಪಸ್ ಮಾಡುವ ವ್ಯವಸ್ಥೆ ನನಗೆ ತೃಪ್ತಿ ತಂದಿದೆ." ಮುಂದೆ ಕೂತವನು "ನಾನು ಇಲ್ಲೀವರೆಗೆ ಒಂದನ್ನೂ ವಾಪಸ್ ಮಾಡಿಲ್ಲ" ಅಂದ. ಅಂದವನೇ 3 ಒತ್ತಿದ. ಯಾಕೋ ಅಂದೆ. "ಗೊತ್ತಿಲ್ಲ ಅಂದ್ರೆ ಮಧ್ಯದ್ದು ಅಲ್ವಾ ಸರ್?" ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, ಮಧ್ಯದ್ದು ಅಂದ್ರೆ ಅಷ್ಟಕ್ಕಷ್ಟೆ ಅಂತ, ಗೊತ್ತಿಲ್ಲ ಅಂತ ಅಲ್ಲ ಅಂದಳು. ಆಮೇಲೆ ಮುಕ್ಕಾಲು ಗಂಟೆ ನನಗೆ ಕೆಲಸವೇ ಇರಲಿಲ್ಲ. ಫಾರ್ಮ್ ಬರೆದ ಹುಡುಗ ಬಾಯಿ ಮುಚ್ಚಿಕೊಂಡಿರಲು ಪಟ್ಟ ಪಾಡು ನೋಡುವಂತಿತ್ತು. ಗಂಟೆ ಹೊಡೆದ ಮೇಲೆ ಬಂದು "ಸರ್, ಆ 4.2ರಲ್ಲಿ ಇಂಥ 3 ಎಷ್ಟಿರಬಹುದು" ಅಂತ ಕೇಳಿದ.

ಸೋಮವಾರ ಎರಡು ಹಾಳೆಯ ಪ್ರಯೋಗ. ಯಾವ ಪ್ರಶ್ನೆ ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮವರೇ ಒಂದಿಬ್ಬರು ಇದನ್ನು ಓದುತ್ತಿದ್ದಾರೆ ಅಂತ ಗುಮಾನಿ.