ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿಗೆ ಫೆಲೋಶಿಪ್: ಕಾಸರಗೋಡಿನವರು ಎಲ್ಲಿಂದ ಶುರು ಮಾಡಬೇಕು?

ಬದಿಯಡ್ಕ_ಎಂಸಿಎ
ಎಂಸಿಎ ಆಗಿದೆ, ಒಬಿಸಿ. ಮೆಷಿನ್ ಲರ್ನಿಂಗ್‌ನಲ್ಲಿ ಪಿಎಚ್‌ಡಿ ಮಾಡುವ ಮನಸ್ಸುಂಟು, ಆದರೆ ಮನೆಯಿಂದ ದುಡ್ಡು ಕೇಳುವ ಹಾಗಿಲ್ಲ. ಪೆರಿಯದ ಕೇಂದ್ರೀಯ ವಿವಿ ಅಥವಾ ಸುರತ್ಕಲ್ ಎನ್‌ಐಟಿಕೆ ಅಂತ ಯೋಚನೆ. ಸಿಎಸ್‌ಐಆರ್ ನೆಟ್, ಯುಜಿಸಿ ನೆಟ್, ಗೇಟ್, ಈ ಪರೀಕ್ಷೆಗಳಲ್ಲಿ ಯಾವುದು ಬರೆಯಬೇಕು? ಮೊದಲು ಸೇರಿಕೊಂಡು ಆಮೇಲೆ ಫೆಲೋಶಿಪ್ ನೋಡಿದರೆ ಆಗ್ತದಾ?

ಚಂದ್ರಗಿರಿ_ತೀರ
ಸಿಎಸ್‌ಐಆರ್ ನೆಟ್ ಬಿಟ್ಟುಬಿಡಿ, ಅದರಲ್ಲಿ ಕಂಪ್ಯೂಟರ್ ಸೈನ್ಸ್ ವಿಷಯವೇ ಇಲ್ಲ. ನಿಮ್ಮದು ಯುಜಿಸಿ ನೆಟ್, ವಿಷಯದ ಕೋಡ್ 87. ಜೊತೆಗೆ ಗೇಟ್ ಸಿಎಸ್ ಕೂಡ ಬರೆಯಿರಿ, ಎಂಸಿಎಯವರಿಗೆ ಅವಕಾಶ ಉಂಟು, ಸ್ಕೋರ್ 3 ವರ್ಷ ನಡೆಯುತ್ತದೆ. ನೆಟ್‌ನಲ್ಲಿ ನೆಗೆಟಿವ್ ಮಾರ್ಕ್ ಇಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಗೇಟ್‌ನಲ್ಲಿ ಹಾಗಲ್ಲ.

ನೆಟ್‌ನಲ್ಲಿ ಒಳ್ಳೆಯ ಅಂಕ ಬಂದು ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕಿದರೆ ಮೊದಲ 2 ವರ್ಷ ತಿಂಗಳಿಗೆ 37,000, ಆಮೇಲೆ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಆಗಿ 42,000, ಒಟ್ಟು 5 ವರ್ಷ. ಹಾಸ್ಟೆಲ್‌ನಲ್ಲಿ ಇಲ್ಲದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಅದು ನಿಮ್ಮ ಹೆಸರಿಗೆ ಬರುವ ಹಣ, ಮಾನ್ಯತೆ ಇರುವ ಯಾವ ವಿವಿಗೆ ಹೋದರೂ ಜೊತೆಗೆ ಬರ್ತದೆ. ಎನ್‌ಐಟಿ, ಐಐಟಿಯ ಗೇಟ್ ಸ್ಟೈಪೆಂಡ್ ಮೊತ್ತವೂ ಅಷ್ಟೇ, ಆದರೆ ಅದು ಸೀಟಿಗೆ ಅಂಟಿಕೊಂಡದ್ದು, ಬಿಟ್ಟು ಬಂದರೆ ಮುಗಿಯಿತು.

ಸೇರಿಕೊಂಡ ಮೇಲೂ ಜೆಆರ್‌ಎಫ್ ತೆಗೆಯಬಹುದು, ಹಿಂದಿನ ತಿಂಗಳುಗಳ ಹಣ ಮಾತ್ರ ಸಿಗುವುದಿಲ್ಲ. ಅಲ್ಲಿಯವರೆಗೆ ಕೇಂದ್ರೀಯ ವಿವಿಯ ನಾನ್-ನೆಟ್ ಫೆಲೋಶಿಪ್ (ಜೆಆರ್‌ಎಫ್ ಇಲ್ಲದ ಪಿಎಚ್‌ಡಿಯವರಿಗೆ) ತಿಂಗಳಿಗೆ 8,000 ಮಾತ್ರ. ಅದರಲ್ಲಿ ಊಟ, ಬಸ್ಸು ಕಳೆಯಬಹುದು, ಬದುಕುವುದು ಕಷ್ಟ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಒಬಿಸಿಗೆ 35. ಸಮಯ ಇದ್ದರೆ ಒಂದು ವರ್ಷ ಕೂತು ಓದಿ, ಜೆಆರ್‌ಎಫ್ ತೆಗೆದೇ ಸೇರಿ ಅಂತಲೇ ನಾನು ಹೇಳುವುದು.

ಅಕ್ಷಯ_ಹತ್ತಿರದವಳು
ಕಾಗದಪತ್ರದ ವಿಷಯ ಹೇಳ್ತೇನೆ, ನಮ್ಮ ಕಡೆಯವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ಕೇಂದ್ರದ ಒಬಿಸಿ ಪಟ್ಟಿ ರಾಜ್ಯವಾರು ಇರ್ತದೆ. ಮಂಗಳೂರಿನ ನೆಂಟರಿಗೆ ಕರ್ನಾಟಕದ ಪಟ್ಟಿಯಲ್ಲಿ ಸಿಕ್ಕಿದೆ ಅಂತ ಅರ್ಜಿಯಲ್ಲಿ ಒಬಿಸಿ ಹಾಕಬೇಡಿ, ಕೇರಳದ ಪಟ್ಟಿಯಲ್ಲಿ ನಿಮ್ಮ ಸಮುದಾಯ ಉಂಟಾ ನೋಡಿ. ಅಕ್ಷಯ ಕೇಂದ್ರದಲ್ಲಿ (ಕೇರಳದ ಸರ್ಕಾರಿ ಸೇವಾ ಕೇಂದ್ರ) ಅರ್ಜಿ ಹಾಕುವಾಗ ನಾನ್-ಕ್ರೀಮಿ ಲೇಯರ್ ಸರ್ಟಿಫಿಕೇಟ್ (ಒಬಿಸಿಯಲ್ಲಿ ಸ್ಥಿತಿವಂತರ ಸಾಲಿಗೆ ಸೇರಿಲ್ಲ ಎನ್ನುವ ಪತ್ರ) ಕೇಂದ್ರ ಸರ್ಕಾರದ ನಮೂನೆಯಲ್ಲೇ ಬೇಕು ಅಂತ ಬಾಯಿಬಿಟ್ಟು ಹೇಳಿ. ರಾಜ್ಯದ ನಮೂನೆ ತಂದರೆ ದಾಖಲೆ ಪರಿಶೀಲನೆಯಲ್ಲಿ ತಿರಸ್ಕಾರ ಆಗ್ತದೆ. ಆದಾಯ ಮಿತಿ 8 ಲಕ್ಷ. ಸಂಬಳ ಮತ್ತು ಕೃಷಿ ಆದಾಯ ಆ ಲೆಕ್ಕಕ್ಕೆ ಸೇರುವುದಿಲ್ಲ, ಆದರೆ ತಂದೆ-ತಾಯಿಯ ಹುದ್ದೆಯ ದರ್ಜೆ, ಜಮೀನಿನ ಮಿತಿ ಬೇರೆಯಾಗಿ ನೋಡ್ತಾರೆ.

ಇನ್ನೊಂದು, ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತರವಾಡಿನ (ಮನೆತನದ) ಪೂರ್ತಿ ಹೆಸರು ಇದ್ದರೆ ಪರೀಕ್ಷೆಗೆ ಮೊದಲೇ ಸರಿಮಾಡಿಸಿ.

ಲ್ಯಾಬ್_ನೋಟ್ಸ್
ಹಣ ಬರುವ ದಾರಿಯನ್ನೂ ತಿಳಿದಿರಿ. ಯುಜಿಸಿ ಫೆಲೋಶಿಪ್ ಕೆನರಾ ಬ್ಯಾಂಕ್ ನಡೆಸುವ ಪೋರ್ಟಲ್ ಮೂಲಕ ಬರ್ತದೆ. ಪ್ರತಿ ತಿಂಗಳೂ ವಿವಿಯ ಮೇಕರ್ (ಪೋರ್ಟಲ್‌ನಲ್ಲಿ ಮಾಹಿತಿ ಹಾಕುವವರು) ನಿಮ್ಮ ಹಾಜರಿ ದೃಢೀಕರಿಸಬೇಕು, ಚೆಕರ್ (ಅದನ್ನು ಪರಿಶೀಲಿಸುವವರು) ಒಪ್ಪಬೇಕು. ಒಬ್ಬರು ರಜೆಯಲ್ಲಿದ್ದರೂ ಆ ತಿಂಗಳ ಹಣ ನಿಲ್ತದೆ. ಆಧಾರ್ ಯಾವ ಬ್ಯಾಂಕ್ ಖಾತೆಗೆ ಸೀಡ್ (ಜೋಡಣೆ) ಆಗಿದೆಯೋ ಹಣ ಅಲ್ಲಿಗೇ ಹೋಗುವುದು, ಹಳೆಯ ಖಾತೆ ಮುಚ್ಚುವ ಮೊದಲು ನೋಡಿಕೊಳ್ಳಿ. 2 ವರ್ಷ ತುಂಬುವ ಮೊದಲೇ ಎಸ್‌ಆರ್‌ಎಫ್‌ಗೆ ಏರಿಸುವ ಸಮಿತಿಗೆ ಹೊರಗಿನ ತಜ್ಞರನ್ನು ಗೈಡ್ ಹತ್ತಿರ ಗೊತ್ತುಮಾಡಿಸಿ, ತಡವಾದರೆ 37,000ದಲ್ಲೇ ಉಳಿಯುತ್ತೀರಿ.

ಪ್ರಾಜೆಕ್ಟ್ ಜೆಆರ್‌ಎಫ್ ಹುದ್ದೆಗೆ (ನೆಟ್‌ನ ಜೆಆರ್‌ಎಫ್ ಅಲ್ಲ, ಒಂದು ಸಂಶೋಧನಾ ಪ್ರಾಜೆಕ್ಟಿನ ಹಣದಲ್ಲಿ ಸಂಬಳ ಬರುವ ಹುದ್ದೆ) ಸೇರುವವರು ಪ್ರಾಜೆಕ್ಟ್ ಇನ್ನೆಷ್ಟು ವರ್ಷ ಉಳಿದಿದೆ ಅಂತ ಕೇಳಿಯೇ ಸೇರಬೇಕು. ಪ್ರಾಜೆಕ್ಟ್ ಮುಗಿದ ದಿನ ಸಂಬಳವೂ ಮುಗೀತದೆ, ಪಿಎಚ್‌ಡಿ ಮಾತ್ರ ಬಾಕಿ ಇರ್ತದೆ.

ಬದಿಯಡ್ಕ_ಎಂಸಿಎ
ತುಂಬಾ ಉಪಕಾರ ಆಯ್ತು. ವಿದೇಶಕ್ಕೆ ಪ್ರಯತ್ನ ಮಾಡುವುದಾದರೆ?

ಲ್ಯಾಬ್_ನೋಟ್ಸ್
ನೆದರ್‌ಲ್ಯಾಂಡ್ಸ್, ಸ್ವೀಡನ್‌ಗಳಲ್ಲಿ ಪಿಎಚ್‌ಡಿ ಎಂದರೆ ಸಂಬಳದ ಕೆಲಸ. ವಿವಿಯ ಉದ್ಯೋಗ ಪುಟದಲ್ಲಿ ವರ್ಷವಿಡೀ ಹುದ್ದೆ ಕರೀತಾರೆ, ಒಂದೊಂದೂ ಒಂದು ನಿರ್ದಿಷ್ಟ ಪ್ರಾಜೆಕ್ಟಿಗೆ. ಎಲ್ಲದಕ್ಕೂ ಒಂದೇ ಪತ್ರ ಕಳಿಸಿದರೆ ಉಪಯೋಗವಿಲ್ಲ. ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ (ಯುರೋಪಿಯನ್ ಒಕ್ಕೂಟದ ಹಣದಲ್ಲಿ ನಡೆಯುವ ಪಿಎಚ್‌ಡಿ ಯೋಜನೆ) ಹುದ್ದೆಗಳಿಗೆ, ಹಿಂದಿನ 36 ತಿಂಗಳಲ್ಲಿ ಹುದ್ದೆ ಇರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು, ಊರಿನಿಂದಲೇ ಅರ್ಜಿ ಹಾಕುವವರಿಗೆ ಇದು ತೊಂದರೆಯಲ್ಲ. ಅಮೆರಿಕದಲ್ಲಿ ಟೀಚಿಂಗ್ ಅಥವಾ ರಿಸರ್ಚ್ ಅಸಿಸ್ಟೆಂಟ್‌ಶಿಪ್ (ಪಾಠಕ್ಕೋ ಸಂಶೋಧನೆಗೋ ನೆರವಾಗಿ ಸಂಬಳ ಪಡೆಯುವುದು), ಜೊತೆಗೆ ಟ್ಯೂಷನ್ ಫೀಸು ಮನ್ನಾ. ಹೆಚ್ಚಿನ ಕಡೆ ಕೊನೆಯ ದಿನ ಡಿಸೆಂಬರ್‌ನಲ್ಲಿ, ಶಿಫಾರಸು ಪತ್ರಕ್ಕೆ ಮೇಷ್ಟ್ರುಗಳನ್ನು ಅಕ್ಟೋಬರ್ ಒಳಗೆ ಕೇಳಿ. ಪ್ರವೇಶ ಪತ್ರದಲ್ಲಿ ಫಂಡಿಂಗ್ ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ ಇಮೇಲ್ ಮಾಡಿ ಬರಹದಲ್ಲಿ ತರಿಸಿಕೊಳ್ಳಿ.