ಮರ್ಮರ್ ಇರುವ ನಾಯಿಗೆ ಅನಸ್ತೇಷಿಯಾ ಕೊಡಿಸಿದ್ದೀರಾ?

ನಮ್ಮ ಪೊಮೆರೇನಿಯನ್‌ಗೆ 11 ವರ್ಷ. ಹಲ್ಲು ಕೊಳೆತು ಬಾಯಿ ಗಬ್ಬುನಾತ, ಊಟಕ್ಕೆ ಮೂತಿ ಇಡುವುದಿಲ್ಲ. ಕೀಳಲೇಬೇಕು ಅಂದರು ಡಾಕ್ಟರು. ಆದರೆ ಎದೆಯಲ್ಲಿ ಮರ್ಮರ್, ಅಂದರೆ ಹಾರ್ಟ್ ಬಡಿತದ ಜೊತೆ ಬೇರೆ ಸದ್ದು, ಕೇಳಿಸಿತಂತೆ. ಅನಸ್ತೇಷಿಯಾ ಕೊಟ್ಟರೆ ಹಾರ್ಟ್ ತಡೆಯುತ್ತದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1
ನಮ್ಮ ಡ್ಯಾಶುಂಡ್‌ಗೂ ಇದೇ ಆಗಿತ್ತು, ಹೊಟ್ಟೆ ಕೆಳಗೆ ಗಡ್ಡೆ. ಮರ್ಮರ್ ಅಂದ ಕೂಡಲೇ ಆಪರೇಷನ್ ಬೇಡವೇ ಬೇಡ ಅಂದೆ. ಎರಡು ತಿಂಗಳು ಸುಮ್ನೆ ಕಳೆದೆ. ಅಷ್ಟರಲ್ಲಿ ನಿಂಬೆಹಣ್ಣಿನಷ್ಟಿದ್ದ ಗಡ್ಡೆ ಮೋಸಂಬಿಯಷ್ಟಾಯಿತು. ನನ್ನದೇ ತಪ್ಪು.

ಮರ್ಮರ್ ಅಂದರೆ ಒಂದು ಸದ್ದು, ಅಷ್ಟೇ. ಪುಟ್ಟ ಜಾತಿಯ ನಾಯಿಗಳಿಗೆ ವಯಸ್ಸಾದಂತೆ ಹಾರ್ಟಿನ ಕವಾಟ ಸರಿಯಾಗಿ ಮುಚ್ಚುವುದಿಲ್ಲ, ರಕ್ತ ಹಿಂದಕ್ಕೆ ಸೋರುತ್ತದೆ. ಅದರಿಂದ ಹಾರ್ಟ್ ದೊಡ್ಡದಾಗಿದೆಯಾ ಅನ್ನುವುದೇ ಮುಖ್ಯ. ಮೊದಲು ಎಕೋ (ಹಾರ್ಟಿನ ಸ್ಕ್ಯಾನ್) ಮಾಡಿಸಿ. ನಮ್ಮದರದ್ದು ದೊಡ್ಡದಾಗಿರಲಿಲ್ಲ, ಆಪರೇಷನ್ ಮುಗಿಸಿ ಸಂಜೆಗೇ ಬಾಲ ಆಡಿಸಿತು.

ಯಾವ ಔಷಧಿ ಕೊಡುತ್ತೀರಿ ಅಂತ ಕೇಳಲು ಸಂಕೋಚ ಬೇಡ. ಪ್ರೊಪೊಫಾಲ್, ಐಸೊಫ್ಲುರೇನ್ ಎರಡೂ ಬಿಪಿ ಇಳಿಸುತ್ತವೆ. ಅದಕ್ಕೇ ಉದ್ದಕ್ಕೂ ಬಿಪಿ ನೋಡುತ್ತಾ ಇರಬೇಕು. ಕ್ಸೈಲಜಿನ್ ಅನ್ನುವ ಮಂಪರಿನ ಇಂಜೆಕ್ಷನ್ ಇನ್ನೊಂದು ಥರ: ರಕ್ತನಾಳ ಬಿಗಿದು ಬಡಿತ ನಿಧಾನ ಮಾಡುತ್ತದೆ, ಕವಾಟದ ಸೋರಿಕೆ ಜಾಸ್ತಿಯಾಗುತ್ತದೆ. ಕಡಿಮೆ ಖರ್ಚಲ್ಲಿ ಒಂದು ಇಂಜೆಕ್ಷನ್‌ನಲ್ಲೇ ಮುಗಿಸೋಣ ಅಂದರೆ ನಾನಂತೂ ಎದ್ದು ಬರುತ್ತೇನೆ.

ಉತ್ತರ 2
ನಮಗೆ ಕಷ್ಟ ಆಗಿದ್ದು ಆಪರೇಷನ್ ಆದ ಮೇಲೆ. ಹಾರ್ಟ್ ದೊಡ್ಡದಾಗಿದ್ದ ನಾಯಿ. ಡ್ರಿಪ್ಸ್ ಜೋರಾಗಿ ಬಿಟ್ಟಿದ್ದರು, ಅದು ಜಾಸ್ತಿಯಾಗಿ ರಾತ್ರಿ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತು. ಮಲಗಲಾಗದೆ ಮುಂಗಾಲು ಅಗಲಿಸಿ ಕೂತೇ ಏದುಸಿರು ಬಿಡುತ್ತಿತ್ತು. ಆಕ್ಸಿಜನ್, ನೀರು ಇಳಿಸುವ ಲ್ಯಾಸಿಕ್ಸ್ ಇಂಜೆಕ್ಷನ್ ಕೊಟ್ಟ ಮೇಲೆ ಉಳಿಯಿತು.

ಈಗಿನಿಂದಲೇ ನಿದ್ದೆಯಲ್ಲಿ ಉಸಿರು ಎಣಿಸಿ ಬರೆದಿಡಿ. ಪಕ್ಕೆ ಏರಿ ಇಳಿದರೆ ಒಂದು. ನಿಮಿಷಕ್ಕೆ 30 ದಾಟುತ್ತಲೇ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ. ಹಾರ್ಟಿನ ಮಾತ್ರೆ ನಡೀತಿದ್ದರೆ ಆಪರೇಷನ್ ದಿನ ಬೆಳಿಗ್ಗೆ ಯಾವುದು ಕೊಡಬೇಕು, ಯಾವುದು ಬಿಡಬೇಕು ಅಂತ ಬರೆಸಿಕೊಳ್ಳಿ. ಪಿಮೋಬೆಂಡಾನ್ ಸಾಮಾನ್ಯವಾಗಿ ಕೊಡಿಸುತ್ತಾರೆ, ಎನಲಪ್ರಿಲ್ ಬಿಡಿಸುವುದುಂಟು.

ಉತ್ತರ 3
ನಾನು ವೆಟರ್ನರಿ ಓದುತ್ತಿದ್ದೇನೆ. ಬ್ರಿಟನ್ನಿನಲ್ಲಿ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಆರೋಗ್ಯವಾಗಿದ್ದ ನಾಯಿಗಳಲ್ಲಿ ಅನಸ್ತೇಷಿಯಾದಿಂದ ಸತ್ತಿದ್ದು ಸುಮಾರು 2,000ಕ್ಕೆ ಒಂದು. ಕಾಯಿಲೆ ಇದ್ದವುಗಳಲ್ಲಿ ಸುಮಾರು 75ಕ್ಕೆ ಒಂದು. ಭಯ ಬೀಳಿಸಲು ಹೇಳುತ್ತಿಲ್ಲ. ಸತ್ತವುಗಳಲ್ಲಿ ಹತ್ತಿರ ಹತ್ತಿರ ಅರ್ಧ ಹೋಗಿದ್ದು ಆಪರೇಷನ್ ಮುಗಿದ ಮೇಲೆ. ಕಣ್ಣು ಬಿಟ್ಟಿತು ಅಂತ ತಕ್ಷಣ ಮನೆಗೆ ಕರೆದುಕೊಂಡು ಹೋಗಬೇಡಿ, ಅಲ್ಲೇ ಕೆಲವು ಗಂಟೆ ಯಾರಾದರೂ ನೋಡುತ್ತಿರಲಿ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಶುಕ್ರವಾರ ಎಕೋ. ನಿನ್ನೆ ರಾತ್ರಿ ಉಸಿರು ಎಣಿಸಲು ಕೂತೆ. ಹದಿನೇಳಕ್ಕೆ ಬರುವಷ್ಟರಲ್ಲಿ ಎದ್ದು ಆ ಗಬ್ಬು ಬಾಯಲ್ಲೇ ನನ್ನ ಮುಖ ನೆಕ್ಕಿತು. ಮತ್ತೆ ಮೊದಲಿಂದ ಎಣಿಸಿದೆ. 22.