ಅಲ್ಲಿ ಅಂದ್ರೆ ಕಾಫಿ ದಂಡ

ಶೀನಣ್ಣ ಕ್ಯಾಲಿಫೋರ್ನಿಯಾದ ಮಗನ ಮನೆಯಿಂದ ಮೈಸೂರಿಗೆ ಬಂದು ಹನ್ನೊಂದು ದಿನವಾಗಿತ್ತು. ಏಪ್ರಿಲ್‌ನಲ್ಲಿ ಹೋದವರು, ಅಕ್ಟೋಬರಿಗೆ ವಾಪಸ್. ವಿಸಿಟರ್ ವೀಸಾದ ಅಪ್ಪ-ಅಮ್ಮಂದಿರನ್ನು ಆ ಸರ್ಕಾರ ಸಾಮಾನ್ಯವಾಗಿ ಆರು ತಿಂಗಳು ಇಟ್ಟುಕೊಳ್ಳುತ್ತದೆ. ಸೊಸೆಯರ ತಾಳ್ಮೆಯನ್ನು ಅಳೆದು ನೋಡಿಯೇ ಈ ಅವಧಿ ಗೊತ್ತುಮಾಡಿರಬೇಕು ಅಂತ ನಮ್ಮ ಮೇಷ್ಟ್ರ ಗುಮಾನಿ.

ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿ, ಸರಸ್ವತಿಪುರಂನಲ್ಲಿ ಕಾಫಿ ಕುಡಿಯುವ ನಾಲ್ವರು ನಾವು. ಕನ್ನಡ ಮೇಷ್ಟ್ರು, ಕೆಇಬಿ ಗೌಡ್ರು, ಶೀನಣ್ಣ, ನಾನು. (ಕೆಇಬಿ ಹೋಗಿ ಸೆಸ್ಕ್ ಬಂದು ಎಷ್ಟೋ ವರ್ಷವಾಯಿತು, ಗೌಡ್ರ ಹೆಸರಿನ ಕನೆಕ್ಷನ್ ಮಾತ್ರ ಯಾರೂ ಕಿತ್ತಿಲ್ಲ.) ಬಂದ ಮೊದಲ ದಿನ ಒಂದೇ ಸುತ್ತಿನಲ್ಲಿ ಶೀನಣ್ಣ ಇಪ್ಪತ್ತೇಳು ಸಲ "ಅಲ್ಲಿ" ಅಂದರು. ಅಲ್ಲಿ ರಸ್ತೆ, ಅಲ್ಲಿ ಗಾಳಿ, ಅಲ್ಲಿ ನಾಯಿ. ಮಾರನೇ ದಿನವೇ ಗೌಡ್ರು ಕಾನೂನು ತಂದರು: ಇನ್ನು ಮೇಲೆ "ಅಲ್ಲಿ" ಅಂದರೆ ಒಂದು ರೌಂಡ್ ಕಾಫಿ ದಂಡ.

ಅವರ ಅವಸ್ಥೆಯೂ ಪಾಪ ಅನ್ನಿಸುವಂಥದ್ದೇ. ಆಗ ಎರಡೂ ಕಡೆಯ ಸಮಯಕ್ಕೆ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಶೀನಣ್ಣ ಕೈಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿ "ಮುಗೀತು" ಅಂದುಕೊಂಡರು. ಗಡಿಯಾರ ಒಪ್ಪಿತು, ಹೊಟ್ಟೆ ಒಪ್ಪಲಿಲ್ಲ. ರಾತ್ರಿ 2 ಗಂಟೆಗೆ ಎದ್ದು ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದ್ದಾರೆ. ಆರು ತಿಂಗಳಿಂದ ಬೀಗದ ಮನೆ ಕಾಯ್ದ ಎದುರುಮನೆಯವರು ಟಾರ್ಚು, ದೊಣ್ಣೆ ಹಿಡಿದು ಓಡಿ ಬಂದಿದ್ದಾರೆ.

"ಕಳ್ಳ ಬಂದು ಸಾಸಿವೆ ಸಿಡಿಸ್ತಾನೇನ್ರೀ?" ಅಂತ ಶೀನಣ್ಣ ಕೇಳಿದ್ದಕ್ಕೆ, "ಸಾಸಿವೆ ವಾಸನೆಗೇ ದೊಣ್ಣೆ ಕೆಳಗಿಟ್ಟೆ" ಅಂದರಂತೆ ಅವರು. ಇಬ್ಬರೂ ಕೂತು ಉಪ್ಪಿಟ್ಟು ತಿಂದರು.

"ನಿಮ್ಮ ಮನೆಯವರು?" ಅಂದೆ.

"ಅವಳಿಗೇನು, ಬಂದ ಒಂದು ಗಂಟೆಗೆ ಜೇಡರಬಲೆ ತೆಗೆದು, ಅಕ್ಕೀಲಿ ಬಿದ್ದ ನುಸಿ ಕೇರಿ, ನಂದಿನಿ ಹಾಲು ಕಾಯಿಸಿದ್ಲು."

"ಹೆಂಗಸರಿಗೆ ಜೆಟ್ ಲ್ಯಾಗ್ ಮಾಡ್ಕೊಳ್ಳೋಕೆ ಪುರುಸೊತ್ತೆಲ್ಲಿದೆ?" ಅಂದರು ಗೌಡ್ರು.

ಮೂರನೇ ದಿನ ಹೀಟಿಂಗ್ ಪ್ಯಾಡಿನ ಪ್ರಕರಣ. ಮಂಡಿನೋವಿಗೆ ಅಂತ ಮಗ ಕೊಡಿಸಿದ್ದು. ಪಿನ್ನು ಸರಿಹೋಗಲಿಲ್ಲವೆಂದು ಶೀನಣ್ಣ ಅಡಾಪ್ಟರ್ ಸಿಕ್ಕಿಸಿ, ಮಂಡಿ ಮೇಲಿಟ್ಟುಕೊಂಡು ಸ್ವಿಚ್ ಮೇಲೆತ್ತಿದರು. ಏನೂ ಆಗಲಿಲ್ಲ. ಅಮೆರಿಕದ ಸ್ವಿಚ್ ಮೇಲೆತ್ತಿದರೆ ಆನ್, ನಮ್ಮದು ಕೆಳಗೊತ್ತಿದರೆ. ನೆನಪಾಗಿ ಕೆಳಗೊತ್ತಿದರು. ಆಮೇಲೆ ಅವರು ಕುರ್ಚಿಯಿಂದ ಹಾರಿದ ಎತ್ತರ ನೋಡಿದ ಹೆಂಡತಿ, "ಮಂಡಿನೋವು ವಾಸಿಯಾಯ್ತಲ್ಲ" ಅಂದರಂತೆ.

ಗೌಡ್ರಿಗೆ ಇಂಥದ್ದು ಸಿಕ್ಕರೆ ಹಬ್ಬ. "ರೀ, ಅವರದು 120 ವೋಲ್ಟು, ನಮ್ಮದು 230. ಅಡಾಪ್ಟರ್ ಪಿನ್ನು ಬದಲಾಯಿಸುತ್ತೇ ಹೊರತು ವೋಲ್ಟೇಜನ್ನಲ್ಲ. ವೋಲ್ಟೇಜು ಎರಡರಷ್ಟಾದರೆ ಕಾವು ನಾಲ್ಕರಷ್ಟು. ಮಂಡಿ ಉಳಿದಿದ್ದೇ ಚಾಮುಂಡಿ ಕೃಪೆ."

ರಸ್ತೆ ದಾಟುವುದೂ ಮರೆತಿತ್ತು. ಕಾಂತರಾಜ ಅರಸ್ ರಸ್ತೆಯ ಜೀಬ್ರಾ ಪಟ್ಟೆ ಮೇಲೆ ನಿಂತು, ವಾಹನಗಳು ತಮಗಾಗಿ ನಿಲ್ಲಲಿ ಅಂತ ಇಪ್ಪತ್ತು ನಿಮಿಷ ಮುಗುಳ್ನಗುತ್ತಾ ಕಾದರು. ನಕ್ಕಿದ್ದಕ್ಕೆ ಇಬ್ಬರು ಆಟೋದವರು ನಿಲ್ಲಿಸಿ "ಎಲ್ಲಿಗೆ?" ಅಂದರು, ಅಷ್ಟೆ. ಕೊನೆಗೊಂದು ಹಸು ಇಳಿಯಿತು, ಅದರ ಬಾಲದ ಹಿಂದೆ ಇವರೂ ದಾಟಿದರು.

ಇದೆಲ್ಲ ಸಲೀಸು. ಅವರನ್ನು ನಿಜವಾಗಿ ಅಳಿಸಿದ್ದು ಸಿಮ್. ಪ್ರಿಪೇಯ್ಡ್ ಸಿಮ್ಮನ್ನು 90 ದಿನ ಮುಟ್ಟದೆ, ಕರೆನ್ಸಿಯೂ ಇಲ್ಲದೆ ಬಿಟ್ಟರೆ ಸಂಪರ್ಕ ಕಡಿಯುತ್ತಾರೆ. ಫೋನಿಲ್ಲ ಅಂದರೆ ಓಟಿಪಿ ಇಲ್ಲ. ಓಟಿಪಿ ಇಲ್ಲದೆ ಬ್ಯಾಂಕಿಲ್ಲ, ಆನ್‌ಲೈನ್ ಕರೆಂಟ್ ಬಿಲ್ಲಿಲ್ಲ. ಶೀನಣ್ಣ ಸ್ವಂತ ಊರಿನಲ್ಲೇ ವೀಸಾ ಇಲ್ಲದವರ ಹಾಗಾದರು. ಅಂಗಡಿಗೆ ಹೋದರೆ ಹುಡುಗ "ಹೆಬ್ಬೆಟ್ಟು ಒತ್ತಿ ಅಂಕಲ್" ಅಂದ. ಒತ್ತಿದರು. ಯಂತ್ರ ಒಪ್ಪಲಿಲ್ಲ. ಹತ್ತೂ ಬೆರಳು ಆಯಿತು. ಹುಡುಗ ಅವರ ಕೈ ತಿರುಗಿಸಿ ನೋಡಿ, "ಗೆರೆ ಸವೆದುಹೋಗಿದೆ ಅಂಕಲ್. ಕೂಲಿ ಕೆಲಸಾನಾ?" ಅಂದನಂತೆ.

"ನಿಮ್ಮ ಮಗನ ಮನೇಲಿ ಪಾತ್ರೆ ತೊಳೆಯೋ ಮಷೀನಿದೆ ಅಂದಿದ್ರಿ?" ಅಂದೆ.

"ಇದೆ. ಅದಕ್ಕೆ ಪಾತ್ರೆ ಇಡೋಕ್ಮುಂಚೆ ತೊಳೆದು ಇಡಬೇಕು."

ನಾಲ್ಕನೇ ಭೇಟಿಗೆ, ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಹೋದ ಮೇಲೆ ಯಂತ್ರಕ್ಕೆ ಕರುಣೆ ಬಂತು.

ಇಷ್ಟರಲ್ಲಿ ದಂಡದ ಭಯಕ್ಕೋ ಏನೋ, ಶೀನಣ್ಣ "ಅಲ್ಲಿ" ಅನ್ನುವುದನ್ನು ನಿಲ್ಲಿಸಿಯೇಬಿಟ್ಟರು. ಮೊನ್ನೆ, ಹನ್ನೊಂದನೇ ದಿನ, ಕೆರೆ ಸುತ್ತು ಮುಗಿದರೂ ಒಂದೂ ಬೀಳಲಿಲ್ಲ. ಬಿಟ್ಟಿ ಕಾಫಿಗೆ ಒಗ್ಗಿದ್ದ ನಮಗೆ ಕಳವಳ.

"ಶೀನಣ್ಣ, ಚಳಿ ಹೆಂಗಿತ್ತು?" ಅಂತ ನಾನು ಗಾಳ ಹಾಕಿದೆ.

"ಇತ್ತು."

"ಮಗ ಎಲ್ಲಿ ಕೆಲಸ ಮಾಡೋದು?"

"ಆಫೀಸು."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಹೋಗ್ಲಿ ಬಿಡಿ. ಸೂರ್ಯ ಎಲ್ಲಿ ಹುಟ್ತಾನೆ?"

"ಪೂರ್ವದಲ್ಲಿ."

"ಪೂರ್ವ ಪ್ರಕೃತಿ, 'ಅಲ್ಲಿ' ಪ್ರತ್ಯಯ. ಸಪ್ತಮೀ ವಿಭಕ್ತಿ. ದಂಡ ಕಟ್ಟಿ!"

ಶೀನಣ್ಣ ಜೇಬಿಗೆ ಕೈ ಹಾಕುತ್ತಾ ನಿಟ್ಟುಸಿರು ಬಿಟ್ಟರು. "ದಂಡ ನನಗೇನು ಹೊಸದಾ? ಮಗನ ಮನೆಯಲ್ಲಿ ಮೊಮ್ಮಗಾನೂ ಹಾಕಿದ್ದ. ನಾನು 'ಮೈಸೂರಲ್ಲಿ ಹಿಂಗೆ, ಮೈಸೂರಲ್ಲಿ ಹಂಗೆ' ಅಂದಾಗೆಲ್ಲ ಅವನಿಗೊಂದು ಕ್ವಾರ್ಟರ್ ಕೊಡಬೇಕಿತ್ತು."

ಗೌಡ್ರು ನಿಂತೇಬಿಟ್ಟರು. "ಹುಡುಗನಿಗೆ ವಯಸ್ಸೆಷ್ಟು?"

"ಏಳು."

"ಏಳು ವರ್ಷದ ಮಗೂಗೆ ಕ್ವಾರ್ಟರಾ?"

"ಏನು ಒಂದಾ? ದಿನಕ್ಕೆ ನಾಲ್ಕೈದು. ಡಬ್ಬಿಯಲ್ಲಿ ಬಚ್ಚಿಟ್ಕೊಂಡು, ರಾತ್ರಿ ರೂಮಲ್ಲಿ ಬಾಗಿಲು ಹಾಕ್ಕೊಂಡು..."

"ಅಪ್ಪ-ಅಮ್ಮ ಏನೂ ಅನ್ನಲಿಲ್ವೇನ್ರೀ?"

"ಯಾಕಂತಾರೆ? ಕೂಡಿಡೋದು ಒಳ್ಳೇ ಅಭ್ಯಾಸ ತಾನೆ?" ಅಂದ ಶೀನಣ್ಣನಿಗೆ ಆಮೇಲೆ ಹೊಳೆಯಿತು. "ಥೂ ನಿಮ್ಮ! ಕಾಸು ಕಣ್ರೀ, ಕಾಸು! ಡಾಲರಿನಲ್ಲಿ ಕಾಲು ಭಾಗ, 25 ಸೆಂಟಿನ ನಾಣ್ಯ. ಅದಕ್ಕೆ ಅಲ್ಲಿ ಕ್ವಾರ್ಟರ್ ಅಂತಾರೆ!"

ಅಷ್ಟೂ ಹೊತ್ತು ಮೇಷ್ಟ್ರು ಬೆರಳು ಮಡಿಸುತ್ತಾ ಇದ್ದರು.

"ಆರು ಸಪ್ತಮಿ, ಒಂದು ಅಪ್ಪಟ 'ಅಲ್ಲಿ'," ಅಂದರು. "ಮೊದಲಿಂದೂ ಸೇರಿ ಎಂಟು ರೌಂಡು."

"ಅಷ್ಟು ಕಾಫಿ ಯಾರು ಕುಡೀತಾರೆ?" ಅಂದರು ಗೌಡ್ರು. "ಇಡ್ಲಿ-ವಡೆಗೆ ವಜಾ ಹಾಕ್ಕೊಳ್ಳೋಣ ಬನ್ನಿ."